ಒಳಗೆ ಒಬ್ಬ

ಸಂಜೆ ಕೆಲಸಗಾರರೆಲ್ಲ ಹೊರಬಿದ್ದು ಗೇಟಿಗೆ ಬೀಗ ಬಿದ್ದ ಮೇಲೂ ಲೆಕ್ಕದಲ್ಲಿ ಒಬ್ಬ ಒಳಗೇ ಉಳಿಯುತ್ತಿದ್ದ. ಒಂದೆರಡು ದಿನದ ಮಾತಲ್ಲ. ಆರೂವರೆ ವರ್ಷ, ದಿನಾಲೂ, ಭಾನುವಾರಗಳನ್ನೂ ದೀಪಾವಳಿಗಳನ್ನೂ ಬಿಡದೆ.

ಅದನ್ನು ಮೊದಲು ಕಂಡವಳು ಸುಮಂಗಲಾ. ಬಿ.ಎಸ್ಸಿ. ಮುಗಿಸಿ ಒಂದು ವರ್ಷವಾಗಿತ್ತು. ಪುಣೆಯ ಅಂಚಿನ ಹಡಪಸರದಲ್ಲಿ, ಗಾಡೀತಳ ಎಂಬ ಕಡೆ, ಭುಜಂಗ ಶೆಟ್ಟರ ಹೋಟೆಲು. ಅದರ ಮಹಡಿಯ ಮೇಲೆ ಶೆಟ್ಟರ ಸೋದರಳಿಯ ಕುಶಲ ನಡೆಸುತ್ತಿದ್ದ ಹಳೆ ಕಂಪ್ಯೂಟರುಗಳ ಅಂಗಡಿ. ಅಲ್ಲಿ ಅವಳ ಕೆಲಸ. ದೊಡ್ಡ ಕಚೇರಿಗಳು ಗುಜರಿಗೆ ಹಾಕುವ ಯಂತ್ರಗಳನ್ನು ಕುಶಲ ಎತ್ತಿಕೊಂಡು ಬರುತ್ತಿದ್ದ, ಧೂಳು ಕೊಡವುತ್ತಿದ್ದ, ಪುಕ್ಕಟೆ ಸಿಗುವ, ಯಾರು ಬೇಕಾದರೂ ತೆರೆದು ನೋಡಬಹುದಾದ ಲಿನಕ್ಸ್ ಹಾಕಿ ಶಾಲೆಗಳಿಗೆ, ಸಣ್ಣ ಕಚೇರಿಗಳಿಗೆ ಕೊಡುತ್ತಿದ್ದ. ಕೆಳಗಿನಿಂದ ಸಾಂಬಾರಿನ ಹಬೆ ಏರಿ ಬಂದು ಪರದೆಗಳ ಮೇಲೆ ಕೂರುತ್ತಿತ್ತು. ಬೆಳಿಗ್ಗೆ ಬಂದ ಕೂಡಲೇ ಅದನ್ನು ಒರೆಸುವುದೇ ಸುಮಂಗಲಾಳ ಮೊದಲ ಕೆಲಸ.

ಕುಶಲನಿಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯಗಳಿದ್ದವು. ಹೊಸ ಕಂಪ್ಯೂಟರುಗಳು ಮದುವೆ ಮನೆಯ ಬ್ಯಾಂಡಿನವರ ಹಾಗೆ, ಸದ್ದು ಜಾಸ್ತಿ, ಕೆಲಸ ಕಡಿಮೆ. ಹಳೆಯವು ಹೇಳಿದಷ್ಟು ಮಾಡುತ್ತವೆ, ಮಾಡಿದ್ದನ್ನು ಮರೆಯುವುದಿಲ್ಲ. ಒಳಗೆ ಏನಿದೆಯೆಂದು ನೋಡಲು ಬಿಡದ ಪ್ರೋಗ್ರಾಮುಗಳ ಮೇಲಂತೂ ಅವನಿಗೆ ಜನ್ಮದ ಸಿಟ್ಟು. ಹೋಟೆಲಿನ ಮನೆತನದವನಾದ್ದರಿಂದ ಆ ಸಿಟ್ಟಿಗೂ ಅಡಿಗೆಮನೆಯ ಉದಾಹರಣೆಯೇ.

"ಸಾಂಬಾರಿಗೆ ಎಂತ ಹಾಕಿದ್ದು ಅಂತ ಯಾರಿಗೂ ಹೇಳದ ಭಟ್ಟನನ್ನು ಇಟ್ಟುಕೊಂಡ ಹಾಗೆ ಅದು. ಅವನು ಓಡಿಹೋದ ದಿವಸ ಹೋಟೆಲು ಬಂದ್. ಪ್ರೋಗ್ರಾಮು ಅಂದ್ರೆ ತೆರೆದು ಓದುವ ಹಾಗೆ ಇರಬೇಕು ಮಾರಾಯ್ತಿ. ತೆರೆಯಲಿಕ್ಕೆ ಆಗದ ಯಾವುದನ್ನೂ ನಂಬಬಾರದು."

ಸುಮಂಗಲಾ ಹೂಂಗುಟ್ಟುತ್ತಿದ್ದಳು. ಅವಳು ಮಾತು ಕಡಿಮೆಯ ಹುಡುಗಿ. ಆದರೆ ಈ ಒಂದು ಮಾತು ಮಾತ್ರ ಅವಳ ಮನಸ್ಸಿಗೆ ಹತ್ತಿಕೊಂಡಿತ್ತು. ತೆರೆದರೆ ಗೊತ್ತಾಗುತ್ತದೆ. ಅವಳ ಮನೆಯಲ್ಲಿ ಏಳು ವರ್ಷದಿಂದ ತೆರೆಯಲಾಗದ ಒಂದು ಸಂಗತಿ ಇತ್ತು.

೨೦೦೫ರ ಜೂನ್ ಕೊನೆಯಲ್ಲಿ ಒಂದು ಕಟ್ಟಡದ ಕಂಪನಿಯಿಂದ ಕೆಲಸ ಬಂತು. ಹಡಪಸರದ ಆಚೆ, ಸೋಲಾಪುರ ರಸ್ತೆಯ ಬದಿಗೆ, ಆ ಕಂಪನಿಯವರು ೧೯೯೭ರಿಂದ ಒಂದೇ ಆವರಣದಲ್ಲಿ ಒಂದರ ಪಕ್ಕ ಒಂದು ಕಟ್ಟಡ ಏಳಿಸುತ್ತಿದ್ದರು. ಕೂಲಿಯವರ ಹಾಜರಿಗೆ ಆಗಲೇ ಒಂದು ಕಂಪ್ಯೂಟರು ಇಟ್ಟಿದ್ದರು. ಅದರ ಪ್ರೋಗ್ರಾಮು ಬರೆದವನು ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿರಲಿಲ್ಲ. ಹೊಸ ಯಂತ್ರಗಳಲ್ಲಿ ಅದು ಓಡುತ್ತಿರಲಿಲ್ಲ. ಹಳೆಯ ಹಾಜರಿಯನ್ನೆಲ್ಲ ಹೊರತೆಗೆದು ಲಿನಕ್ಸ್ ಮೇಲೆ ಹೊಸದೊಂದು ಮಾಡಿಕೊಡಬೇಕು, ಗೇಟಿನಿಂದ ಕಚೇರಿಗೆ ತಂತಿಯಿಲ್ಲದೆ ಸುದ್ದಿ ಹೋಗುವ ಹಾಗೆ ಮಾಡಬೇಕು ಎಂದು ಕಂಪನಿಯ ಕೂಲಿ ವ್ಯವಹಾರ ನೋಡುವ ಮಾರ್ತಾಂಡ ಸಾಹೇಬರು ಮರಾಠಿಯಲ್ಲಿ ವಿವರಿಸಿ, ಆ ಹಳೆ ಯಂತ್ರವನ್ನೇ ಗೋಣಿಚೀಲದಲ್ಲಿ ಸುತ್ತಿಸಿ ಕಳಿಸಿಕೊಟ್ಟರು.

ಸಿಮೆಂಟಿನ ಬಣ್ಣಕ್ಕೆ ತಿರುಗಿದ ಡಬ್ಬಿ. ಹೊತ್ತಿಸಿದರೆ ಒಳಗಿನ ಡಿಸ್ಕು ಯಾರೋ ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತಿತ್ತು. ಬ್ಯಾಟರಿ ಸತ್ತಿದ್ದರಿಂದ ಪ್ರತಿ ಸಲ ಹೊತ್ತಿಸಿದಾಗಲೂ ಇವತ್ತು ಯಾವ ತಾರೀಖು ಎಂದು ಕೇಳುತ್ತಿತ್ತು. ಕುಶಲನಿಗೆ ಅದರ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು. ಎರಡೇ ದಿನದಲ್ಲಿ ಅದರ ಕಡತವನ್ನು ಓದುವ ಸಣ್ಣ ಪ್ರೋಗ್ರಾಮೊಂದನ್ನು ಬರೆದ. ಬಹಳ ಸರಳ: ಒಬ್ಬ ಗೇಟು ದಾಟಿ ಒಳಗೆ ಬಂದರೆ ಒಂದು ಕೂಡಿಸು, ಹೊರಗೆ ಹೋದರೆ ಒಂದು ಕಳೆ, ದಿನದ ಕೊನೆಗೆ ಎಷ್ಟು ಉಳಿಯಿತು ಹೇಳು. ಸೊನ್ನೆ ಉಳಿಯಬೇಕು.

೧೯೯೭ ಪೂರ್ತಿ ಸೊನ್ನೆ. ೧೯೯೮ರ ಜೂನ್ ತಿಂಗಳ ಒಂದು ದಿನದವರೆಗೆ ಸೊನ್ನೆ. ಅಂದಿನಿಂದ ಒಂದು. ಮರುದಿನ ಇನ್ನೂರಾ ಎಂಬತ್ತು ಮಂದಿ ಬಂದು ಇನ್ನೂರಾ ಎಂಬತ್ತು ಮಂದಿ ಹೋದರು, ಒಳಗೆ ಒಬ್ಬ. ಮಳೆಯ ರಜೆ, ಯಾರೂ ಬಂದಿಲ್ಲ, ಒಳಗೆ ಒಬ್ಬ. ಸುಮಂಗಲಾ ಕೀಲಿ ಒತ್ತುತ್ತ ಹೋದಳು. ವರ್ಷಗಳು ಪರದೆಯ ಮೇಲೆ ಮೇಲಕ್ಕೆ ಸರಿದವು. ಬಲಗಡೆಯ ಆ ಸಾಲಿನಲ್ಲಿ ಒಂದು, ಒಂದು, ಒಂದು. ೨೦೦೪ರ ಡಿಸೆಂಬರಿನಲ್ಲಿ ಕಡತ ಮುಗಿಯಿತು. ಆಗಲೂ ಒಂದು.

"ನನ್ನದೇ ತಪ್ಪು," ಎಂದ ಕುಶಲ, ಚಹಾ ಊದುತ್ತ. "ಎಲ್ಲೋ ಒಂದು ಎಣಿಕೆ ಜಾಸ್ತಿ ಆಗಿದೆ. ಎರಡು ನಿಮಿಷದ ರಿಪೇರಿ. ನೀನು ಆ ದಿವಸ ಯಾರು ಅಂತ ನೋಡಿಡು."

ಅವನು ಕೆಳಗೆ ಊಟಕ್ಕೆ ಹೋದ. ಸುಮಂಗಲಾ ಆ ದಿನವನ್ನು ತೆರೆದು, ಬಂದವರ ಸಂಖ್ಯೆಗಳನ್ನೂ ಹೋದವರ ಸಂಖ್ಯೆಗಳನ್ನೂ ಜೋಡಿಸಿದಳು. ಎಲ್ಲ ಜೋಡಿಯಾದವು. ಒಂದು ಸಂಖ್ಯೆ ಮಾತ್ರ ಎರಡು ಸಲ ಒಳಗೆ ಬಂದಿತ್ತು, ಒಂದೇ ಸಲ ಹೊರಗೆ ಹೋಗಿತ್ತು. ನಾನೂರಾ ಹದಿನೇಳು. ಹೆಸರಿನ ಪಟ್ಟಿಯಲ್ಲಿ ಅದರ ಎದುರು ಇದ್ದದ್ದು: ಅವ್ವಣ್ಣ ನಿಜಲಿಂಗಪ್ಪ, ಡಾಂಬರು ಕೆಲಸ, ಊರು ಯಾದಗಿರಿ ಕಡೆ.

ನಿಜಲಿಂಗಪ್ಪ ಅವಳ ಅಜ್ಜ. ಅವ್ವಣ್ಣ ಅವಳ ಅಪ್ಪ.

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಹಾರನ್ನು ಹೊಡೆಯುತ್ತಿದ್ದವು. ಹಿಂದೆ, ಆ ಡಬ್ಬಿಯ ಡಿಸ್ಕು ಯಾರೂ ಮುಟ್ಟದಿದ್ದರೂ ಒಮ್ಮೆ ಕಟಕಟ ಎಂದು ಸುಮ್ಮನಾಯಿತು.

ಅಪ್ಪ ಬಿಟ್ಟು ಹೋದವನು. ಇದು ಅವರಿದ್ದ ಕೂಲಿಯವರ ವಸ್ತಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವಳಿಗೆ ಹದಿನಾಲ್ಕು ವರ್ಷ ಆಗ, ಅಪ್ಪ ಯಾವ ಕಂಪನಿಯ ಕೆಲಸಕ್ಕೆ ಹೋಗುತ್ತಾನೆಂದು ಕೇಳಿದವಳಲ್ಲ. ಪಂಢರಪುರಕ್ಕೆ ಹೋಗುವ ಜ್ಞಾನೇಶ್ವರರ ಪಾಲಖಿ ಪುಣೆಯಿಂದ ಹೊರಟು ಹಡಪಸರ ದಾಟಿ ಸಾಸವಡದ ಘಾಟು ಹತ್ತುವ ದಿನ, ಕಡತದಲ್ಲಿ ಒಂದು ಉಳಿದ ಅದೇ ದಿನ, ಅವ್ವಣ್ಣ ಹಿಂದಿನ ರಾತ್ರಿಯೆಲ್ಲ ಭಜನೆಯಲ್ಲಿ ಕೂತು, ಬೆಳಿಗ್ಗೆ ಪಾಲಖಿಯ ಹಿಂದೆ ನಡೆದವನು ತಿರುಗಿ ಬರಲಿಲ್ಲ. ಅವನು ನಡೆದುಹೋಗುವ ಯಾತ್ರಿಕರಾದ ವಾರಕರಿಗಳ ಜೊತೆ ಹೊರಟೇಹೋದ ಎಂದು ಮನೆಗೆ ಬಂದು ಹೇಳಿದವನು ಅವರ ಊರವನೇ ಆದ, ಅಪ್ಪನ ಜೊತೆ ಕೂಲಿಗಿದ್ದ ಸಂಕಪ್ಪ. ಕೆಲವರು ಪಂಢರಪುರದಲ್ಲಿ ಕಂಡೆವೆಂದರು. ಕೆಲವರು ಅವನಿಗೆ ಅಲ್ಲಿ ಇನ್ನೊಂದು ಸಂಸಾರ ಇದೆಯೆಂದರು. ನೀರಿನ ನಳದ ಹತ್ತಿರ ಜಗಳವಾದಾಗಲೆಲ್ಲ, ಗಂಡ ಬಿಟ್ಟವಳು ಎಂಬ ಮಾತು ಅವಳ ಅವ್ವ ಸಕ್ಕುಬಾಯಿಯ ಕೊಡದೊಳಗೆ ಬೀಳುತ್ತಿತ್ತು.

ಸಕ್ಕುಬಾಯಿ ಯಾರಿಗೂ ಎದುರಾಡಲಿಲ್ಲ. ಕುಂಕುಮ ಇಡುವುದನ್ನು ಬಿಡಲಿಲ್ಲ. ಒಂದು ಹೌಸಿಂಗ್ ಸೊಸೈಟಿಯ ಮೆಟ್ಟಿಲು ಗುಡಿಸಿ ಮಗಳನ್ನು ಓದಿಸಿದಳು. ಪ್ರತಿ ವರ್ಷ ಪಾಲಖಿಯ ದಿನ ಬೆಳಿಗ್ಗೆ ಕೊಡದಲ್ಲಿ ನೀರು ತುಂಬಿಕೊಂಡು ಸಾಸವಡದ ರಸ್ತೆಯ ಬದಿಗೆ ನಿಲ್ಲುತ್ತಿದ್ದಳು. ಬಾಯಾರಿದವರಿಗೆ ನೀರು ಹಾಕುತ್ತ, ಬಗ್ಗಿದ ಪ್ರತಿಯೊಂದು ಮುಖವನ್ನೂ ನೋಡುತ್ತಿದ್ದಳು. ಲಕ್ಷ ಮುಖಗಳು. ಸಂಜೆ ಬರಿ ಕೊಡ ಹೊತ್ತು ಬಂದು, ಈ ವರ್ಷ ಮಂದಿ ಭಾಳ ಇದ್ರು ಎಂದಷ್ಟೇ ಹೇಳುತ್ತಿದ್ದಳು. ಈ ಸಲದ ಪಾಲಖಿಗೆ ಇನ್ನು ಎಂಟು ದಿನ ಇತ್ತು.

ಊಟ ಮುಗಿಸಿ ಬಂದ ಕುಶಲನಿಗೆ ಸುಮಂಗಲಾ ಹೆಸರು ಹೇಳಲಿಲ್ಲ, ಸಂಖ್ಯೆ ಮಾತ್ರ ಹೇಳಿದಳು. ಅವನು ಕುತೂಹಲದಿಂದ ಕಡತದ ಹಸಿ ಸಾಲುಗಳನ್ನೇ ಬಿಡಿಸಿ ನೋಡಿದ. ನಾನೂರಾ ಹದಿನೇಳು, ಒಳಗೆ, ಬೆಳಿಗ್ಗೆ ಏಳು ಐವತ್ತೆಂಟು. ನಾನೂರಾ ಹದಿನೇಳು, ಒಳಗೆ, ಹತ್ತು ನಲವತ್ತೊಂದು. ನಾನೂರಾ ಹದಿನೇಳು, ಹೊರಗೆ, ಸಂಜೆ ಆರು ಎರಡು.

ಒಳಗಿರುವವನು ಮತ್ತೆ ಒಳಗೆ ಬರುವುದು ಹೇಗೆ? ಕುಶಲ ವಿವರಿಸಿದ. ಗುಮಾಸ್ತ ತಪ್ಪು ಸಂಖ್ಯೆ ಒತ್ತಿದರೆ ಹಾಗಾಗುತ್ತದೆ. ಆಗ ಹಳೆ ಪ್ರೋಗ್ರಾಮು ಕೀಚ್ ಎನ್ನುತ್ತಿತ್ತು, ಗುಮಾಸ್ತ ರದ್ದು ಮಾಡುತ್ತಿದ್ದ, ಆ ರದ್ದೂ ಕಡತದಲ್ಲಿ ಒಂದು ಕಳೆಯುವ ಸಾಲಾಗುತ್ತಿತ್ತು. ಅವನು ಹುಡುಕಿ ಎಣಿಸಿದ. ಎಂಟು ವರ್ಷದಲ್ಲಿ ಹಾಗೆ ಜೋಡಿ ಬಿದ್ದದ್ದು ಇನ್ನೂರಾ ಹನ್ನೆರಡು ಸಲ, ಇನ್ನೂರಾ ಹನ್ನೊಂದರ ಕೆಳಗೆ ರದ್ದು ಇದೆ. ಇದೊಂದರ ಕೆಳಗಿಲ್ಲ. ಯಂತ್ರ ಬೇಡವೆಂದರೂ ಗುಮಾಸ್ತ ಒಳಗೆ ಬಿಟ್ಟಿದ್ದಾನೆ.

"ಯಾಕೆ ಬಿಟ್ಟ?" ಎಂದಳು ಸುಮಂಗಲಾ.

"ಎದುರಿಗೆ ನಿಜವಾಗಿಯೂ ಒಬ್ಬ ಮನುಷ್ಯ ನಿಂತಿದ್ದ ಅಂತ ಕಾಣ್ತದೆ," ಎಂದ ಕುಶಲ. ಹೇಳಿದ ಮೇಲೆ ಅವನಿಗೇ ಒಂದು ಥರ ಆಗಿ, ಚಹಾ ಲೋಟದ ತಳ ನೋಡಿದ. "ಹಳೆ ಪ್ರೋಗ್ರಾಮು ಪರದೆಯಲ್ಲಿ ಆ ಸಾಲು ತೋರಿಸಲಿಲ್ಲ ನೋಡು. ಒಂದು ನಂಬರಿಗೆ ಅದು ಒಬ್ಬನನ್ನೇ ಎಣಿಸುವುದು, ಹಾಗಾಗಿ ಅದರ ಲೆಕ್ಕಕ್ಕೆ ಸೊನ್ನೆ. ನಾವು ಕಡತ ತೆರೆದದ್ದರಿಂದ ಸಿಕ್ಕಿತು."

ಮರುದಿನ ಮಧ್ಯಾಹ್ನ ಇಬ್ಬರೂ ಆ ಕಂಪನಿಯ ಆವರಣಕ್ಕೆ ಹೋದರು. ೧೯೯೮ರಲ್ಲಿ ಬುನಾದಿ ಹಾಕಿದ್ದ ಕಟ್ಟಡ ಈಗ ಏಳು ಅಂತಸ್ತಿನದಾಗಿ ನಿಂತಿತ್ತು. ಅದರ ನೆಲಮಹಡಿಯಲ್ಲೇ ಕಂಪನಿಯ ಕಚೇರಿ. ಪಕ್ಕದ ಹೊಸ ಕಟ್ಟಡದ ಕೂಲಿಯವರು ಇದರ ನೆಲಮಾಳಿಗೆಯ ಮೂಲಕವೇ ಓಡಾಡುತ್ತಿದ್ದರು. ಅಲ್ಲಿಂದ ಮೇಲಿನ ಕಚೇರಿಗೆ ಗಾಳಿಯಲ್ಲಿ ಸುದ್ದಿ ತಲುಪುತ್ತದೋ ಇಲ್ಲವೋ ನೋಡಬೇಕಿತ್ತು.

ಕುಶಲನಿಗೆ ವೈರ್‌ಲೆಸ್ ಎಂದರೆ ಅಷ್ಟಕ್ಕಷ್ಟೆ. ತಂತಿ ಕಡಿದರೆ ಎಲ್ಲಿ ಕಡಿದಿದೆಯೆಂದು ಕೈಯಲ್ಲಿ ಹಿಡಿದು ತೋರಿಸಬಹುದು, ಗಾಳಿ ಕಡಿದರೆ ಎಂತ ತೋರಿಸುವುದು ಎಂದು ಇಳಿಜಾರು ಇಳಿಯುವಾಗ ಗೊಣಗಿದ. ಆಂಟೆನಾ ಇದ್ದ ನೀಲಿ ಡಬ್ಬಿಯನ್ನು ಮೆಟ್ಟಿಲ ಬುಡದಲ್ಲಿಟ್ಟ. ಸುಮಂಗಲಾ ಲ್ಯಾಪ್‌ಟಾಪು ಎದೆಗೆ ಆನಿಸಿಕೊಂಡು ನೆಲಮಾಳಿಗೆಯ ಗೋಡೆಗುಂಟ ನಡೆದಳು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಅಲೆಯ ಬಲದ ಅಂಕಿ ಓದಬೇಕು, ಅವನು ಬರೆದುಕೊಳ್ಳಬೇಕು.

ಅಂಥ ಜಾಗದಲ್ಲಿ ದನಿ ತನ್ನದಲ್ಲದಂತೆ ಕೇಳುತ್ತದೆ. ಎಪ್ಪತ್ತು, ಎಂದಳು. ಅರವತ್ತೆಂಟು. ಎಪ್ಪತ್ತೊಂದು. ಉತ್ತರದ ಗೋಡೆ ಮುಗಿಯಿತು, ಪೂರ್ವದ್ದೂ ಮುಗಿಯಿತು. ದಕ್ಷಿಣದ ಗೋಡೆಯ ನಡುವೆ ಬಂದಾಗ ಅಂಕಿ ಜಾರಿತು. ಮೂವತ್ತು. ಇನ್ನೆರಡು ಹೆಜ್ಜೆ. ಹನ್ನೊಂದು. ಆಮೇಲೆ ಪರದೆಯ ಮೇಲೆ ಏನೂ ಇಲ್ಲ. ನೀಲಿ ಡಬ್ಬಿ ಕಣ್ಣೆದುರಿಗೆ, ಇಪ್ಪತ್ತು ಮಾರು ದೂರದಲ್ಲಿ, ದೀಪ ಮಿಣುಕಿಸುತ್ತ ಕೂತಿತ್ತು. ನಾಲ್ಕು ಹೆಜ್ಜೆ ಮುಂದೆ ಹೋದಳು: ಅರವತ್ತೊಂಬತ್ತು. ಹಿಂದೆ ಬಂದಳು: ಏನೂ ಇಲ್ಲ.

ಕುಶಲ ಬಂದು ತಾನೂ ನೋಡಿದ. ಗೋಡೆಯ ಹಿಂದೆ ನೀರು ನಿಂತಿರಬೇಕು ಎಂದ. ಒದ್ದೆ ಮಣ್ಣು ಅಲೆಗಳನ್ನು ಕುಡಿದುಬಿಡುತ್ತದಂತೆ. ಅಷ್ಟೇಕೆ, ನಾವೇ ಮುಕ್ಕಾಲು ನೀರಲ್ಲವಾ, ಅಡ್ಡ ನಿಂತರೆ ಸಾಕು, ಎಂದು ಡಬ್ಬಿಗೂ ಲ್ಯಾಪ್‌ಟಾಪಿಗೂ ನಡುವೆ ನಿಂತು ತೋರಿಸಿದ. ಆದರೆ ಗೋಡೆಯ ಈಚೆಗೆ ಅಡ್ಡ ಯಾರೂ ನಿಂತಿರಲಿಲ್ಲ. ಆಚೆಯ ನೀರು ಈಚೆಯ ಅಲೆಯನ್ನು ಹೇಗೆ ಕುಡಿಯುತ್ತದೆ ಎಂದು ಅವಳು ಕೇಳಿದಳು. ಅವನು ತಲೆ ಕೆರೆದುಕೊಂಡು, ಅದಕ್ಕೇ ನಾನು ತಂತಿ ಎಳೆಯುವ ಎಂದು ಹೇಳಿದ್ದು ಎಂದ.

ಸುಮಂಗಲಾ ಗೋಡೆಗೆ ಅಂಗೈ ಇಟ್ಟಳು. ತಣ್ಣಗಿತ್ತು. ಉಳಿದ ಜಾಗದಲ್ಲೆಲ್ಲ ಮೇಲಿನ ಓಡಾಟದ ಸದ್ದು ಗುಂಯ್‌ಗುಡುತ್ತಿತ್ತು. ಆ ಒಂದು ಮಾರಿನಷ್ಟು ಗೋಡೆಯ ಮುಂದೆ ಮಾತ್ರ ಅದೂ ಇರಲಿಲ್ಲ. ಯಾರೋ ಮಾತಾಡುವ ಮುಂಚೆ ಎದುರಿನವರು ಸುಮ್ಮನಾಗುತ್ತಾರಲ್ಲ, ಅಂಥ ಸುಮ್ಮನಿರುವಿಕೆ. ಅವಳು ಕೈ ತೆಗೆದಳು.

ಸಂಕಪ್ಪ ಈಗ ಮಗರಪಟ್ಟಾದಲ್ಲಿ ಒಂದು ಗೇಟಿನ ಕಾವಲುಗಾರ. ಬಿಳಿಯ ಮೀಸೆ, ನೀಲಿ ಅಂಗಿ, ಹೆಗಲಿಗೆ ಅಗಲವಾದ ಪಟ್ಟಿ. ಮರುದಿನ ಮಧ್ಯಾಹ್ನ ಅವನು ರೊಟ್ಟಿ ಬಿಚ್ಚಿಕೊಂಡು ಕೂತಿದ್ದಾಗ ಅವಳು ಹೋದಳು. ಅವನು ಖುಷಿಯಾಗಿ, ಬಾ ತಂಗೀ, ಕಂಪ್ಯೂಟರ್ ಬಾಯಿ ಬಂದ್ಲು, ಕೂಡು, ರೊಟ್ಟಿ ತಿನ್ನು ಎಂದ. ಇಲ್ಲಿನ ಸಾಹೇಬರು ನಾಯಿಗೆ ನಮಸ್ಕಾರ ಮಾಡ್ತಾರ, ನನಗ ಮಾಡಂಗಿಲ್ಲ ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ. ಅಪ್ಪನ ಬಿಲ್ಲೆಯ ವಿಷಯ ಕೇಳಿದಳು.

ಆಗಿನ ಪದ್ಧತಿ ಹೀಗಿತ್ತು. ಪ್ರತಿಯೊಬ್ಬ ಕೂಲಿಯವನಿಗೂ ಸಂಖ್ಯೆ ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಬರುವಾಗ ಹೋಗುವಾಗ ಗೇಟಿನ ಕಿಂಡಿಯಲ್ಲಿ ತೋರಿಸಬೇಕು, ಗುಮಾಸ್ತ ಯಂತ್ರಕ್ಕೆ ಒತ್ತುತ್ತಾನೆ. ಗುಮಾಸ್ತ ನೋಡುವುದು ಬಿಲ್ಲೆಯನ್ನು, ಮುಖವನ್ನಲ್ಲ. ಹಾಗಾಗಿ ಒಂದೇ ಊರಿನವರು ಒಬ್ಬರಿಗೊಬ್ಬರು ಆಗುತ್ತಿದ್ದರು. ಒಬ್ಬನ ಹೆಂಡತಿ ಹೆತ್ತಳೆಂದರೆ, ಒಬ್ಬನಿಗೆ ಜ್ವರವೆಂದರೆ, ಇನ್ನೊಬ್ಬ ಎರಡು ಬಿಲ್ಲೆ ತೋರಿಸುತ್ತಿದ್ದ. ಬೆಳಿಗ್ಗೆಯೂ ತೋರಿಸುತ್ತಿದ್ದ, ಮರೆಯದೆ ಸಂಜೆಯೂ ತೋರಿಸುತ್ತಿದ್ದ. ಹಾಗೆ ಮಾಡದವನು ನಮ್ಮವನೇ ಅಲ್ಲ ಎನ್ನುವಷ್ಟು ಅದು ರೂಢಿಯಾಗಿತ್ತು. ಎಲ್ಲರೂ ಹೊರಗೆ ಹೋಗಿ ಲೆಕ್ಕ ಸೊನ್ನೆಯಾದ ಮೇಲೆ ಸೈರನ್ನು, ಕೂಲಿಯವರ ಮಾತಿನಲ್ಲಿ ಭೋಂಗಾ, ಊದುತ್ತಿತ್ತು. ಭೋಂಗಾ ಊದಿದ ಮೇಲಷ್ಟೇ ದೊಡ್ಡ ಯಂತ್ರಗಳು ಒಳಗೆ ಇಳಿಯುತ್ತಿದ್ದವು.

"ನಿಮ್ಮಪ್ಪನ ಬಿಲ್ಲಿ ನನ್ನ ಕೈಯಾಗ ಇತ್ತವ್ವಾ," ಎಂದ ಸಂಕಪ್ಪ ಕೊನೆಗೆ. ರೊಟ್ಟಿಯನ್ನು ಮಡಿಚಿ ಡಬ್ಬಿಯೊಳಗೆ ಇಟ್ಟ. "ಪಾಲಖಿ ನೋಡಿ ಬರ್ತೀನಿ, ನಂದೂ ತೋರಸು ಅಂದಿದ್ದ. ಮುಂಜಾನಿ ತೋರ್ಸಿದೆ. ಅಂವ ಬರಲೇ ಇಲ್ಲ. ಸಂಜಿಕಿ ತೋರಸಲಿಲ್ಲಂದ್ರ ಸಿಕ್ಕೊಂಡು ಬೀಳ್ತಿದ್ವಿ, ಅದಕ್ಕ ಅದನ್ನೂ ನಾನೇ ತೋರ್ಸಿದೆ. ಆಮ್ಯಾಲ ನಿಮ್ಮವ್ವಗ ಬಂದು ಪಾಲಖಿ ಹಿಂದ ಹೋಗ್ಯಾನ ಅಂತ ಹೇಳ್ದೆ. ಇಷ್ಟೇ ನನ್ನ ತಪ್ಪು."

"ಅಪ್ಪ ಬಂದಿದ್ದ ಕಾಕಾ," ಎಂದಳು ಸುಮಂಗಲಾ. "ಹತ್ತು ನಲವತ್ತೊಂದಕ್ಕ. ಬಿಲ್ಲಿ ಇರಲಿಲ್ಲ, ಬಾಯಿಲೆ ನಂಬರ ಹೇಳಿರಬೇಕು. ಗುಮಾಸ್ತ ಒಳಗ ಬಿಟ್ಟಾನ."

ಸಂಕಪ್ಪ ಅವಳ ಮುಖ ನೋಡಿದ. ಗೇಟಿನಲ್ಲಿ ಒಂದು ಕಾರು ಬಂದು ಹಾರನ್ನು ಮಾಡಿತು. ಅವನು ಏಳಲಿಲ್ಲ. ಇನ್ನೊಬ್ಬ ಕಾವಲುಗಾರ ಓಡಿಬಂದು ಗೇಟು ತೆಗೆದ.

"ಬಂದಿದ್ದನಾ?"

ಅಷ್ಟೇ ಕೇಳಿದ. ಆಮೇಲೆ, ಅವಳು ಕೇಳದೆಯೇ, ಉಳಿದದ್ದನ್ನು ಹೇಳಿದ. ಅವ್ವಣ್ಣನ ಕೆಲಸ ನೆಲಮಾಳಿಗೆಯ ಗೋಡೆಯ ಹೊರಮೈಗೆ ಡಾಂಬರು ಬಳಿಯುವುದು. ಗೋಡೆಗೂ ಅಗೆದ ಮಣ್ಣಿನ ದಿಬ್ಬಕ್ಕೂ ನಡುವೆ ಒಬ್ಬ ಮನುಷ್ಯ ಹಾಯುವಷ್ಟು ಅಗಲದ ತಗ್ಗು, ಎರಡಾಳು ಆಳ. ಅಲ್ಲಿ ಅವನೊಬ್ಬನೇ ಕೆಲಸ ಮಾಡುತ್ತಿದ್ದ. ನೆರಳೂ ಇತ್ತು, ತಂಪೂ ಇತ್ತು. ನಿದ್ದೆಗೆಟ್ಟವನು ಒರಗಿದರೆ ಕಣ್ಣು ಹತ್ತುವ ಜಾಗ. ಅವತ್ತಿನ ಸಂಜೆ ಭೋಂಗಾ ಊದಿದ ಮೇಲೆ ದಕ್ಷಿಣದ ಗೋಡೆಯ ಹಿಂದಿನ ತಗ್ಗನ್ನು ತುಂಬಲು ಡಂಪರುಗಳು ಬಂದವು. ಮೇಲಿಂದ ಮಣ್ಣು ಸುರಿದು ಹೋದವು. ಅದರ ಮೇಲೆ ಈಗ ಹುಲ್ಲು ಬೆಳೆಸಿದ್ದಾರೆ.

ಸಂಕಪ್ಪ ತನ್ನ ಬಲಗೈಯನ್ನು, ಎರಡು ಬಿಲ್ಲೆ ಹಿಡಿದಿದ್ದ ಕೈಯನ್ನು, ಪ್ಯಾಂಟಿಗೆ ಒರೆಸುತ್ತ, ಒರೆಸುತ್ತಲೇ ಇದ್ದ. ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಪೋಲೀಸರ ಮುಂದೆಯೂ ಹೇಳುತ್ತೇನೆ ಎಂದ. ಅವಳು ಹೊರಟು ನಿಂತಾಗ ಮತ್ತೆ ಕೇಳಿದ, ಎಷ್ಟು ಗಂಟೆಗೆ ಅಂದಿ? ಅವಳು ಹೇಳಿದಳು. ಮತ್ತೆ ಕೇಳಿದ.

ಅಂಗಡಿಗೆ ಬಂದಾಗ ಮಾರ್ತಾಂಡ ಸಾಹೇಬರ ಫೋನು ಬಂದು ಹೋಗಿತ್ತು. ಉಳಿದ ಆ ಒಂದರ ವಿಷಯ ಕುಶಲ ಅವರಿಗೆ ತಿಳಿಸಿದ್ದ. ಹಾಜರಿಯ ಲೆಕ್ಕ ಸೊನ್ನೆಗೆ ಬರಲೇಬೇಕು, ಒಳಗೆ ಒಬ್ಬ ಎಂದು ತೋರಿಸುವ ಪ್ರೋಗ್ರಾಮು ತಮಗೆ ಬೇಡ, ಸೋಮವಾರದೊಳಗೆ ಸರಿಮಾಡಿ ಎಂದಿದ್ದರಂತೆ. ಕುಶಲ ಆಗಲೇ ಆ ಸಾಲನ್ನು ತೆರೆದು ಕೂತಿದ್ದ. ರದ್ದಾಗದಿದ್ದ ಎರಡನೇ ಪ್ರವೇಶವನ್ನು ಎಣಿಸಬೇಡ ಎಂದು ಒಂದು ಮಾತು ಸೇರಿಸಿದರೆ ಮುಗಿಯಿತು.

ಸುಮಂಗಲಾ ಆಗ ಎಲ್ಲವನ್ನೂ ಹೇಳಿದಳು. ಇಷ್ಟು ದಿನದಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಕುಶಲ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡ. ಆಮೇಲೆ ಕೀಲಿಮಣೆಯನ್ನು ಮೆಲ್ಲಗೆ ಮೇಜಿನ ಆಚೆಗೆ ದೂಡಿದ.

"ನಾನು ಅದನ್ನು ಮುಟ್ಟುವುದಿಲ್ಲ," ಎಂದ. "ಆದರೆ ಒಂದು ಉಂಟು ಸುಮಂಗಲಾ. ಪ್ರೋಗ್ರಾಮಿನ ಜೊತೆ ಅದರ ಬರವಣಿಗೆಯನ್ನೂ ಕೊಡುತ್ತೇವಲ್ಲ. ಓದಲಿಕ್ಕೆ ಬರುವವರು ತಿದ್ದಲೂಬಹುದು. ಅವರ ಕೈಗೆ ಹೋದ ಮೇಲೆ ಆ ಒಂದನ್ನು ಸೊನ್ನೆ ಮಾಡಲಿಕ್ಕೆ ಯಾರಿಗೂ ಎರಡೇ ನಿಮಿಷ."

ಅದು ಅವನ ಜೀವನದ ನಂಬಿಕೆ. ಅದನ್ನೇ ಅವನು ಹೀಗೆ, ಕ್ಷಮೆ ಕೇಳುವವನ ಹಾಗೆ ಹೇಳುವುದನ್ನು ಅವಳು ಎಂದೂ ಕೇಳಿರಲಿಲ್ಲ.

ಗೋಡೆಯ ಹಿಂದೆ ಅಗೆಸಬೇಕು. ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸಿದಳು. ಸಂಕಪ್ಪನ ಮಾತಿದೆ, ಕಡತ ಇದೆ. ಅರ್ಜಿ ಬರೆಯಬೇಕು. ತೆರೆದರೆ ಗೊತ್ತಾಗುತ್ತದೆ. ಅಪ್ಪ ಬಿಟ್ಟು ಹೋದವನಲ್ಲ ಎಂದು ಗೊತ್ತಾಗುತ್ತದೆ ಎಂದು ನೆನೆದಾಗ ಎದೆಯೊಳಗೆ ಸಂತೋಷದಂಥದು ಏನೋ ಎದ್ದಿತು. ಅದು ಯಾವುದರ ಸಂತೋಷ ಎಂದು ತಿಳಿದಾಗ ಅವಳು ಕಾಲುವೆಯ ದಂಡೆಯ ಮೇಲೆ ನಿಂತುಬಿಟ್ಟಳು. ಸ್ವಲ್ಪ ಹೊತ್ತು ಆ ಕಪ್ಪು ನೀರು ನೋಡಿ, ಮನೆಗೆ ನಡೆದಳು.

ಸಕ್ಕುಬಾಯಿ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮಗಳು ಹೇಳಿದ್ದನ್ನು ಮೊರದಿಂದ ಕಣ್ಣೆತ್ತದೆ ಕೇಳಿದಳು. ಬಿಲ್ಲೆ, ಯಂತ್ರ, ಹತ್ತು ನಲವತ್ತೊಂದು, ತಗ್ಗು, ಡಂಪರು. ಕೈ ನಿಲ್ಲಲಿಲ್ಲ. ಹರಳು ಒಂದು ಕಡೆ, ಕಾಳು ಒಂದು ಕಡೆ. ಅವ್ವ ಅಳುತ್ತಾಳೆ, ಬಳೆ ಒಡೆದುಕೊಳ್ಳಲು ಕಲ್ಲು ಎತ್ತುತ್ತಾಳೆ ಎಂದು ಮಗಳು ಹೆದರಿದ್ದಳು.

"ಆ ಗ್ವಾಡಿ ಕೆಲಸ ಅವತ್ತ ಮುಗಿದಿತ್ತೇನು?" ಎಂದು ಕೇಳಿದಳು ಸಕ್ಕುಬಾಯಿ.

"ಯಾರಿಗಿ ಗೊತ್ತವ್ವಾ."

"ಅರ್ಧಾ ಬಿಟ್ಟು ಬರಾಂವ ಅಲ್ಲ ಅಂವ."

ಸುಮಂಗಲಾ ಅರ್ಜಿಯ ವಿಷಯ ಎತ್ತಿದಳು. ಕಂಪನಿಯವರು ಒಪ್ಪದಿದ್ದರೆ ಪೋಲೀಸರು, ಪೋಲೀಸರು ಕೇಳದಿದ್ದರೆ ವಕೀಲರು, ಕುಶಲಣ್ಣ ಎಲ್ಲ ಕಾಗದ ಮಾಡಿಕೊಡುತ್ತಾನೆ. ಅಗೆಸಿ ನೋಡಿಯೇ ತೀರೋಣ ಎಂದಳು. ಆಗ ಮೊದಲ ಸಲ ತಾಯಿಯ ಕೈ ನಿಂತಿತು.

"ಅಗಸಬ್ಯಾಡ."

"ಯಾಕವ್ವಾ?"

"ಅಗದ್ರ ಅಲ್ಲಿ ಏನೂ ಇರಲಿಲ್ಲಂದ್ರ?"

ತಾಯಿ ಅವಳನ್ನು ಕರುಣೆಯಿಂದ ಎನ್ನುವಂತೆ ನೋಡಿದಳು. ಕಂಪ್ಯೂಟರಿನ್ಯಾಗ ಒಳಗ ಹೋದದ್ದು ಬರದಾದ, ಹೊರಗ ಬಂದದ್ದು ಬರದಿಲ್ಲ, ಹೌದಿಲ್ಲೋ ಎಂದಳು. ಹೌದು ಎಂದಳು ಮಗಳು. ಮತ್ತಿನ್ನೇನು ಬೇಕು, ಬಿಟ್ಟು ಹೋಗಿಲ್ಲ ಅಂವ, ಒಳಗ ಅದಾನ, ಎಂದಳು ಸಕ್ಕುಬಾಯಿ. ಮೊರವನ್ನು ಎರಡು ಸಲ ಕೇರಿದಳು. ಹೊಟ್ಟು ಹಾರಿ ಹೋಯಿತು.

"ಆ ಬಿಲ್ಡಿಂಗಿನ್ಯಾಗ ಕಸಾ ಹೊಡ್ಯಾಕ ಮಂದಿ ಬೇಕೇನು, ಕೇಳು."

ಬೇಕಾಗಿತ್ತು. ಅಂಥ ಕೆಲಸಕ್ಕೆ ಎಲ್ಲ ಕಡೆ ಯಾವಾಗಲೂ ಬೇಕಾಗಿರುತ್ತದೆ. ಕುಶಲ ಸೋಮವಾರ ಪ್ರೋಗ್ರಾಮನ್ನು ಇದ್ದ ಹಾಗೆಯೇ ಒಪ್ಪಿಸಿದ. ಆಮೇಲೆ ಕಂಪನಿಯವರು ಅದನ್ನು ತಿದ್ದಿದರೋ ಬಿಟ್ಟರೋ ಸುಮಂಗಲಾ ವಿಚಾರಿಸಲಿಲ್ಲ. ಸಕ್ಕುಬಾಯಿ ಹಳೆ ಸೊಸೈಟಿಯ ಕೆಲಸ ಬಿಟ್ಟು ಬುಧವಾರದಿಂದ ಹೊಸ ಕೆಲಸಕ್ಕೆ ಸೇರಿದಳು. ನೆಲಮಾಳಿಗೆಯನ್ನು ತಾನೇ ಕೇಳಿ ಪಡೆದಳು. ಕತ್ತಲೆಯೆಂದು ಉಳಿದ ಹೆಂಗಸರು ಅಲ್ಲಿಗೆ ಇಳಿಯಲು ಬೇಸರಪಡುತ್ತಿದ್ದರು.

ಪಾಲಖಿಯ ದಿನ ಸುಮಂಗಲಾ ತಾಯಿಯನ್ನು ಹುಡುಕಿಕೊಂಡು ಆ ಕಟ್ಟಡಕ್ಕೆ ಹೋದಳು. ಹೆದ್ದಾರಿ ತುಂಬ ಬಿಳಿ ಬಟ್ಟೆಯ ಜನ ನದಿಯಂತೆ ಹರಿಯುತ್ತಿದ್ದರು. ತಾಳದ ಸದ್ದು ಇಳಿಜಾರಿನ ಅರ್ಧದವರೆಗೆ ಅವಳ ಜೊತೆ ಬಂತು, ಆಮೇಲೆ ಹಿಂದೆ ಉಳಿಯಿತು. ಗಂಟೆ ಹತ್ತೂವರೆ ದಾಟಿತ್ತು. ಕೆಳಗೆ ಕಾರುಗಳ ನಡುವೆ ಪೊರಕೆಯ ಸದ್ದು ಕೇಳಿಸಿತು, ದಕ್ಷಿಣದ ಗೋಡೆಯ ಕಡೆಯಿಂದ. ಕರೆಯಬೇಕೆಂದು ಬಾಯಿ ತೆರೆದವಳು ಕಂಬದ ಹಿಂದೆ ಸರಿದಳು.

ಸಕ್ಕುಬಾಯಿ ಮಾತಾಡುತ್ತಿದ್ದಳು. ಗುಡಿಸುತ್ತ, ತಲೆ ಬಗ್ಗಿಸಿ, ಒಲೆಯ ಮುಂದೆ ಕೂತವಳು ಹೊರಗಿನ ಕಟ್ಟೆಯ ಮೇಲಿರುವ ಗಂಡನಿಗೆ ಹೇಳುವ ದನಿಯಲ್ಲಿ. ಸುಮಿ ಓದು ಮುಗಿಸ್ಯಾಳ. ನೌಕರಿ ಹತ್ಯಾದ. ಮಾಳಗಿ ಸೋರ್ತಿತ್ತು, ಪತ್ರಾಸ ಹಾಕಿಸೀವಿ. ಒಂದೊಂದು ಸುದ್ದಿಗೂ ಪೊರಕೆ ನಿಲ್ಲಿಸುತ್ತಿದ್ದಳು. ಎದುರಿನವರು ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಲ್ಲುತ್ತಿದ್ದಳು. ಒಮ್ಮೆ ಸ್ವಲ್ಪ ಹೊತ್ತು, ಒಮ್ಮೆ ಬಹಳ ಹೊತ್ತು. ಹೂಂ, ಎನ್ನುತ್ತಿದ್ದಳು. ಒಮ್ಮೆ ಇಲ್ಲ ಇಲ್ಲ, ಹಂಗಲ್ಲ ಅದು, ಎಂದು ತಿದ್ದಿದಳು. ಒಮ್ಮೆ ಸೆರಗು ಬಾಯಿಗಿಟ್ಟು ನಕ್ಕಳು.

ಸುಮಂಗಲಾ ಕಂಬದ ಹಿಂದೆಯೇ ನಿಂತು, ತಾಯಿಯ ಮಾತುಗಳ ನಡುವಿನ ಆ ಬಿಡುವುಗಳನ್ನು ಆಲಿಸತೊಡಗಿದಳು.